ಡಾಕ್ಟರಿಗೆ ಕೇಳಿ: ಸಾಕು ಬಾತುಕೋಳಿ, ಫೀಡ್ ಚೀಲ, ನೀರಿನ ಟಬ್

ಈ ವಾರ ಗುಂಪಿನಲ್ಲಿ ಪ್ರಶ್ನೆಗಳಿಗೆ ಉತ್ತರಿಸುವವರು ಹಕ್ಕಿಗಳ ಚಿಕಿತ್ಸೆ ಮಾಡುವ ಪಶುವೈದ್ಯರು. ಊರು, ಬಾತಿನ ವಯಸ್ಸು, ಏನು ತಿನ್ನಿಸುತ್ತೀರಿ, ಇಷ್ಟನ್ನು ಮರೆಯದೆ ಬರೆಯಿರಿ. ಫೋಟೊ ಹಾಕುವವರು ಕಾಲು ಕಾಣುವ ಹಾಗೆ ತೆಗೆಯಿರಿ.

ಕೋಥ್ರೂಡ್, ಪುಣೆ: ನಮಸ್ಕಾರ ಡಾಕ್ಟ್ರೇ. ಮೂರು ವಾರದ ಎರಡು ಬಿಳಿ ಪೆಕಿನ್ ಮರಿಗಳಿವೆ. ಅಂಗಡಿಯ ಚಿಕ್ ಸ್ಟಾರ್ಟರ್ (ಕೋಳಿಮರಿಯ ಫೀಡ್) ಹಾಕುತ್ತಿದ್ದೇವೆ. ಒಂದು ಮರಿ ನಾಲ್ಕು ಹೆಜ್ಜೆ ಇಟ್ಟು ಕುಸಿದು ಕೂರುತ್ತೆ, ಕಾಲು ಬಿಲ್ಲಿನ ಹಾಗೆ ಬಾಗಿದೆ. ಕ್ಯಾಲ್ಸಿಯಂ ಕಡಿಮೆ ಇರಬೇಕು ಅಂತ ಚಿಪ್ಪಿನ ಪುಡಿ ತಂದಿದ್ದೇವೆ. ಹಾಕಬಹುದಾ?

ಡಾಕ್ಟರ್: ಚಿಪ್ಪಿನ ಪುಡಿ ಎತ್ತಿಡಿ, ಮೊಟ್ಟೆ ಇಡುವ ಕಾಲಕ್ಕೆ ಬೇಕಾಗುತ್ತೆ. ಈಗ ಹಾಕಿದರೆ ಹೆಚ್ಚಾದ ಕ್ಯಾಲ್ಸಿಯಂ ಮೂತ್ರಪಿಂಡವನ್ನು ಕೆಡಿಸುತ್ತೆ. ಲೇಯರ್ ಫೀಡನ್ನು, ಅಂದರೆ ಮೊಟ್ಟೆ ಇಡುವ ಹಕ್ಕಿಯ ಮೇವನ್ನು, ಮರಿಗಳಿಗೆ ಹಾಕಬಾರದು ಅನ್ನುವುದೂ ಇದೇ ಕಾರಣಕ್ಕೆ.

ನೀವು ಹೇಳುವ ಲಕ್ಷಣಕ್ಕೆ ಮೊದಲ ಅನುಮಾನ ನಯಾಸಿನ್ ಕೊರತೆ, ಅಂದರೆ ಬಿ3 ವಿಟಮಿನ್. ಬಾತುಮರಿಗೆ ಒಂದು ಕಿಲೋ ಫೀಡಿನಲ್ಲಿ ಸುಮಾರು 55 ಮಿಲಿಗ್ರಾಂ ನಯಾಸಿನ್ ಬೇಕು. ಕೋಳಿಮರಿಗೆ ಅದಕ್ಕಿಂತ ಬಹಳ ಕಡಿಮೆ ಸಾಕು, ಹಾಗಾಗಿ ಕೋಳಿಯ ಲೆಕ್ಕಕ್ಕೆ ಮಾಡಿದ ಫೀಡಿನಲ್ಲಿ ಬಾತಿನ ಪಾಲು ಇರುವುದಿಲ್ಲ. ಮೆಕ್ಕೆಜೋಳದಲ್ಲಿ ನಯಾಸಿನ್ ಇದ್ದರೂ ಹೆಚ್ಚಿನದು ಹಕ್ಕಿಯ ಮೈಗೆ ಹತ್ತದ ರೂಪದಲ್ಲಿರುತ್ತೆ.

ಬ್ರೂವರ್ಸ್ ಯೀಸ್ಟ್ (ಬಿಯರ್ ಮಾಡುವ ಯೀಸ್ಟ್, ಜೀವವಿಲ್ಲದ್ದು) ಪುಡಿ ತನ್ನಿ. ಒಂದು ಕಪ್ ಫೀಡಿಗೆ ಒಂದು ದೊಡ್ಡ ಚಮಚ, ಸ್ವಲ್ಪ ನೀರು ಚಿಮುಕಿಸಿ ಕಲಸಿದರೆ ಪುಡಿ ತಳಕ್ಕೆ ಇಳಿಯುವುದಿಲ್ಲ. ಕಲಸಿದ್ದನ್ನು ಆಯಾ ಹೊತ್ತಿಗೇ ಮುಗಿಸಬೇಕು. ಹತ್ತು ವಾರ ತುಂಬುವವರೆಗೆ ಕೊಡಿ. ಬ್ರೆಡ್ ಮಾಡುವ ಯೀಸ್ಟ್ ಜೀವಂತ, ಹೊಟ್ಟೆಯಲ್ಲಿ ಹುದುಗು ಬರುತ್ತೆ, ಅದು ಬೇಡ. ಬೇಯಿಸಿದ ಹಸಿ ಬಟಾಣಿಯನ್ನು ಹಿಸುಕಿ ಜೊತೆಗೆ ಕೊಡಬಹುದು. ಸರಿಯಾಗುವ ಮರಿ ಕೆಲವೇ ದಿನಗಳಲ್ಲಿ ಎದ್ದು ಓಡಾಡಲು ಶುರುಮಾಡುತ್ತೆ. ಆದರೆ ಕಾಲಿನ ನಡುಗೀಲು ಊದಿ, ಅದರ ಹಿಂದಿನ ಸ್ನಾಯುರಜ್ಜು ಪಕ್ಕಕ್ಕೆ ಜಾರಿದ್ದರೆ ವಿಟಮಿನ್ನಿಂದ ಅದು ಜಾಗಕ್ಕೆ ಬರುವುದಿಲ್ಲ. ಎರಡು ದಿನದಲ್ಲಿ ಸುಧಾರಣೆ ಕಾಣದಿದ್ದರೆ ಕರೆದುಕೊಂಡು ಹೋಗಿ ತೋರಿಸಿ.

ಇನ್ನೆರಡು ವಿಷಯ. ಪೆಟ್ಟಿಗೆಯಲ್ಲಿ ಪೇಪರ್ ಹಾಸಿದ್ದರೆ ತೆಗೆಯಿರಿ, ಜಾರಿ ಜಾರಿ ಕಾಲು ಅಗಲವಾಗುತ್ತೆ. ಗೋಣಿಚೀಲ ಅಥವಾ ರಬ್ಬರ್ ಮ್ಯಾಟ್ ಒಳ್ಳೆಯದು. ಮತ್ತೆ ಫೀಡ್ ಚೀಲದ ಲೇಬಲ್ ಓದಿ: ಸ್ಯಾಲಿನೋಮೈಸಿನ್, ಮೊನೆನ್ಸಿನ್, ಮಡುರಾಮೈಸಿನ್ ಅಂತ ಇದ್ದರೆ ಆ ಚೀಲವನ್ನು ವಾಪಸ್ ಮಾಡಿ. ಕೋಳಿಗಳ ರಕ್ತಭೇದಿ ತಡೆಯಲು ಹಾಕುವ ಔಷಧ ಅದು. ಕೋಳಿಗಿಂತ ಬಾತು ಹೆಚ್ಚು ತಿನ್ನುತ್ತೆ, ಹಾಗಾಗಿ ಔಷಧವೂ ಹೆಚ್ಚು ಹೋಗಿ ಸ್ನಾಯುಗಳು ಸೋಲಬಹುದು.

ಕೋಥ್ರೂಡ್, ಪುಣೆ: ಲೇಬಲ್ ನೋಡ್ತೀನಿ. ನೀರಿಗೆ ಯಾವಾಗ ಬಿಡೋದು? ಮಕ್ಕಳು ದಿನಾ ಕೇಳ್ತಾರೆ.

ಡಾಕ್ಟರ್: ಈಗಲೇ ಐದು ನಿಮಿಷ, ಉಗುರುಬೆಚ್ಚಗಿನ ನೀರು, ಮರಿಯ ಕಾಲಿಗೆ ತಳ ಸಿಗುವಷ್ಟು ಆಳ, ಪಕ್ಕದಲ್ಲಿ ದೊಡ್ಡವರು. ತೆಗೆದ ಕೂಡಲೇ ಒರೆಸಿ ಬೆಚ್ಚಗಿಡಿ. ತಾಯಿಯ ಜೊತೆ ಬೆಳೆದ ಮರಿಗೆ ಅವಳ ಗರಿಯ ಎಣ್ಣೆ ಮೈಗೆ ಹತ್ತುತ್ತೆ. ಅಂಗಡಿಯ ಮರಿಗೆ ಆ ಭಾಗ್ಯವಿಲ್ಲ, ತುಪ್ಪಳ ನೆನೆದು ಥಂಡಿ ಹಿಡಿಯುತ್ತೆ. ಏಳೆಂಟು ವಾರಕ್ಕೆ ಗರಿ ತುಂಬಿದ ಮೇಲೆ ಎಷ್ಟು ಹೊತ್ತಾದರೂ ಬಿಡಿ. ಟಬ್ಬಿನೊಳಗೆ ಎರಡು ಇಟ್ಟಿಗೆ ಮೆಟ್ಟಿಲಾಗಿ ಇಡಲೇಬೇಕು. ಹತ್ತಿ ಬರಲಾಗದೆ ದಣಿದು ಮುಳುಗುವುದು ಬಾತುಮರಿಗೂ ಉಂಟು.

ಬಲ್ಬಿನ ಶಾಖ ಮೊದಲ ವಾರ 32 ಡಿಗ್ರಿ, ಆಮೇಲೆ ವಾರಕ್ಕೆ 3 ಡಿಗ್ರಿ ಇಳಿಸುತ್ತಾ ಬನ್ನಿ. ಪುಣೆಯ ಮೇ ತಿಂಗಳಲ್ಲಿ ಹಗಲು ಬಲ್ಬೇ ಬೇಕಾಗಲಿಕ್ಕಿಲ್ಲ, ಡಿಸೆಂಬರ್ ರಾತ್ರಿಯ ಮಾತು ಬೇರೆ. ಮರಿಗಳು ಬಲ್ಬಿನ ಕೆಳಗೆ ಒತ್ತಿಕೊಂಡಿದ್ದರೆ ಚಳಿ, ಬಾಯಿ ತೆರೆದು ಮೂಲೆ ಹಿಡಿದಿದ್ದರೆ ಸೆಕೆ.

ಮಡಗಾಂವ್, ಗೋವಾ: ಸರ್, ಜುಲೈನಲ್ಲಿ ತಂದ 50 ಕಿಲೋ ಚೀಲ ಮುಗ್ಗಲು ವಾಸನೆ ಹೊಡೀತಿದೆ. ಬಿಸಿಲು ಬಂದಾಗ ಒಣಗಿಸಿ ಹಾಕಿದ್ರೆ ನಡೆಯುತ್ತಾ? ನಾಲ್ಕು ಖಾಕಿ ಕ್ಯಾಂಪ್‌ಬೆಲ್ ಜಾತಿಯ ಬಾತುಗಳಿವೆ.

ಡಾಕ್ಟರ್: ನಡೆಯುವುದಿಲ್ಲ. ದುಡ್ಡು ಹೋಯಿತು ಅಂದುಕೊಂಡು ಗುಂಡಿ ತೋಡಿ ಹೂತುಬಿಡಿ, ದನಕ್ಕೂ ಹಾಕಬೇಡಿ.

ಬೂಷ್ಟು ಬಿಸಿಲಿಗೆ ಸಾಯಬಹುದು, ಆದರೆ ಅದು ಉಳಿಸಿಹೋಗುವ ಅಫ್ಲಾಟಾಕ್ಸಿನ್ ವಿಷ ಒಣಗಿಸಿದರೂ ಹೋಗದು, ಕುದಿಸಿದರೂ ಹೋಗದು. ಸಾಕುಹಕ್ಕಿಗಳಲ್ಲಿ ಈ ವಿಷ ಬಾತುಮರಿಗೆ ತಗಲುವಷ್ಟು ಬೇಗ ಕೋಳಿಗೆ ತಗಲುವುದಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತು, ಕಾರಣ ಹುಡುಕಿದಾಗ ಸಿಕ್ಕಿದ್ದು ಬೂಷ್ಟು ಹಿಡಿದ ಶೇಂಗಾ ಹಿಂಡಿ. ಆಮೇಲೆ ಯಾವ ಮಾದರಿಯಲ್ಲಿ ವಿಷವಿದೆ ಎಂದು ಪರೀಕ್ಷಿಸಲು ಬಳಸಿದ್ದೇ ಒಂದು ದಿನದ ಬಾತುಮರಿಗಳನ್ನು, ಅಷ್ಟು ಸೂಕ್ಷ್ಮ ಅವುಗಳ ಪಿತ್ತಜನಕಾಂಗ.

ಇಲ್ಲಿಯವರೆಗೆ ಆ ಚೀಲದಿಂದ ಹಾಕಿದ್ದರೆ ಗಮನಿಸಿ: ಮೇವು ಬಿಡುವುದು, ಕುಂಟು, ಕಾಲಿನ ಚರ್ಮ ನೇರಳೆಗೆ ತಿರುಗುವುದು, ಕೊನೆಗೆ ಕುತ್ತಿಗೆ ಹಿಂದಕ್ಕೆ ಬಾಗಿ ಸೆಳೆತ. ಪ್ರತಿವಿಷ ಇಲ್ಲ. ಫೀಡ್ ಬದಲಿಸಿ, ಪಿತ್ತಜನಕಾಂಗಕ್ಕೆ ಆಸರೆಯ ಔಷಧ ಕೊಟ್ಟು ಕಾಯುವುದಷ್ಟೇ.

ಕೊಂಕಣದ ಮಳೆಗಾಲಕ್ಕೆ 50 ಕಿಲೋ ಚೀಲವೇ ತಪ್ಪು ಅಳತೆ. ದೊಡ್ಡ ಬಾತು ದಿನಕ್ಕೆ 150 ಗ್ರಾಂ ಆಸುಪಾಸು ತಿನ್ನುತ್ತೆ. ನಾಲ್ಕಕ್ಕೆ ಹದಿನೈದು ದಿನಕ್ಕೆ 9 ಕಿಲೋ, ಹತ್ತು ಕಿಲೋ ತಂದರೆ ಸಾಕು. ಬಿಗಿ ಮುಚ್ಚಳದ ಸ್ಟೀಲ್ ಡಬ್ಬ, ಕೆಳಗೆ ಹಲಗೆ, ಗೋಡೆಯಿಂದ ಒಂದು ಗೇಣು ದೂರ. ಒದ್ದೆ ಕೈಯಲ್ಲಿ ತೋಡಬೇಡಿ. ಹಳೆಯ ಫೀಡಿನ ಮೇಲೆ ಹೊಸದನ್ನು ಸುರಿಯಬೇಡಿ. ಸಂಜೆ ಉಳಿದ ಕಲಸಿದ ಮೇವು ಬೆಳಿಗ್ಗೆಗೆ ಬೇಡ. ಅದು ಇಲಿಗಳನ್ನೂ ಕರೆಯುತ್ತೆ, ಇಲಿ ಬಂದರೆ ಮಳೆಗಾಲದಲ್ಲಿ ಲೆಪ್ಟೋಸ್ಪೈರೋಸಿಸ್ (ಇಲಿಜ್ವರ) ಭಯ ಮನೆಮಂದಿಗೆ.

ಡೊಂಬಿವಲಿ: ಎರಡನೇ ಮಹಡಿಯ ಫ್ಲ್ಯಾಟ್, ದೊಡ್ಡ ಬಾಲ್ಕನಿ ಇದೆ. ಒಂದೇ ಒಂದು ಬಾತು ಸಾಕಬೇಕು ಅಂತ ಮಗಳ ಹಟ. ಸೊಸೈಟಿಯವರು ಗಲಾಟೆ ಮಾಡದ ಜಾತಿ ಯಾವುದು?

ಡಾಕ್ಟರ್: ಬೇಡ ಅನ್ನುತ್ತೇನೆ, ಬೇಜಾರು ಮಾಡ್ಕೋಬೇಡಿ. ಬಾತು ಒಂಟಿಯಾಗಿ ಇರುವ ಜೀವ ಅಲ್ಲ, ಕನಿಷ್ಠ ಎರಡು ಬೇಕು. ಹಿಕ್ಕೆ ನೀರು ನೀರು, ಹಗಲು ರಾತ್ರಿ ಹಾಕುತ್ತಲೇ ಇರುತ್ತೆ, ಅದಕ್ಕೆ ಅಭ್ಯಾಸ ಕಲಿಸಲು ಆಗುವುದಿಲ್ಲ. ಟಬ್ಬಿನ ನೀರು ದಿನಾ ಚೆಲ್ಲಬೇಕು, ಅದು ಕೆಳಗಿನವರ ಬಟ್ಟೆಯ ಮೇಲೆ. ಸರಿಯಾಗಿ ನೋಡಿಕೊಂಡರೆ ಎಂಟು ಹತ್ತು ವರ್ಷ ಬದುಕುತ್ತೆ, ಅಷ್ಟರಲ್ಲಿ ಮಗಳು ಕಾಲೇಜಿಗೆ ಹೋಗಿರುತ್ತಾಳೆ.

ನೆಲಮಹಡಿ, ಸ್ವಂತ ಅಂಗಳ ಇರುವವರಿಗೆ: ಕ್ವಾಕ್ ಕ್ವಾಕ್ ಗದ್ದಲ ಹೆಣ್ಣಿನದು, ಗಂಡಿನ ದನಿ ಗಂಟಲು ಕಟ್ಟಿದ ಹಾಗೆ. ಬಾಲದ ಮೇಲೆ ಸುರುಳಿ ಗರಿ ಇದ್ದರೆ ಗಂಡು. ಮಸ್ಕೋವಿ ಜಾತಿ ಎಲ್ಲಕ್ಕಿಂತ ಮೌನಿ, ಆದರೆ ಗಿಡುಗನ ಹಾಗೆ ಉಗುರು, ಹಾರುತ್ತದೆ ಕೂಡ. ಒಂದು ಹೆಣ್ಣಿಗೆ ಎರಡು ಗಂಡು ಬೇಡವೇ ಬೇಡ, ಬೆನ್ನಿನ, ಕತ್ತಿನ ಗರಿ ಕಿತ್ತು ಗಾಯ ಮಾಡುತ್ತವೆ. ಒಂದು ಗಂಡಿಗೆ ನಾಲ್ಕೈದು ಹೆಣ್ಣು, ಇಲ್ಲವೇ ಬರೀ ಹೆಣ್ಣುಗಳು.

ವಾಸ್ಕೋ: ಸಾಹೇಬ್ರ, ನಮ್ಮ ಬಾತುಕೋಳಿ ಕುಂಟಾಕತ್ತೈತ್ರಿ. ಅಂಗಾಲಾಗ ಕರಿ ಚಿಕ್ಕಿ ಹಂಗ ಒಂದ ಗಂಟ ಆಗೇತಿ. ಬ್ಲೇಡ್ ತಗೊಂಡ ಕೊಯ್ರಿ ಅಂತ ಮಂದಿ ಹೇಳ್ತಾರ. ಕೊಯ್ಲೇನ್ರಿ?

ಡಾಕ್ಟರ್: ಕೊಯ್ಯಬ್ಯಾಡ್ರಿ. ಅದು ಬಂಬಲ್‌ಫೂಟ್. ಒರಟು ಸಿಮೆಂಟಿನ ಮೇಲೆ ಭಾರ ಬಿದ್ದು ಅಂಗಾಲು ತರಚಿ, ಆ ದಾರಿಯಲ್ಲಿ ಸ್ಟೆಫೈಲೋಕಾಕಸ್ ಅನ್ನುವ ಬ್ಯಾಕ್ಟೀರಿಯಾ ಒಳಗೆ ಹೋಗಿ ಕೀವು ಕಟ್ಟುತ್ತೆ. ಹಕ್ಕಿಯ ಕೀವು ನಮ್ಮದರಂತೆ ಹರಿಯುವುದಿಲ್ಲ, ಗಟ್ಟಿ ಪನೀರಿನ ಹಾಗಿರುತ್ತೆ. ಅದಕ್ಕೇ ಹಿಂಡಿದರೆ ಬರುವುದಿಲ್ಲ, ಕೊಯ್ದರೆ ರಕ್ತವಷ್ಟೇ ಬರುತ್ತೆ.

ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ದೊಡ್ಡ ಚಮಚ ಎಪ್ಸಮ್ ಉಪ್ಪು. ಅದರಲ್ಲಿ ಕಾಲನ್ನು ಹದಿನೈದು ನಿಮಿಷ ಇಡಿ, ದಿನಕ್ಕೆ ಎರಡು ಸಲ. ಆ ನೀರು ಕುಡಿಯಲು ಬಿಡಬೇಡಿ. ಒರೆಸಿ, ಪೊವಿಡೋನ್ ಅಯೋಡಿನ್ ಹಚ್ಚಿ, ಮೆತ್ತಗೆ ಗಾಜ್ ಇಟ್ಟು ಪಟ್ಟಿ ಕಟ್ಟಿ. ಬಾತನ್ನು ಒಣ ಹುಲ್ಲಿನ ಮೇಲೆ ಇಡಿ, ವಾಸಿಯಾಗುವವರೆಗೆ ಕೊಳಕು ನೀರಿಗೆ ಇಳಿಸಬೇಡಿ. ಕಾಲು ಬಿಸಿಯಾಗಿದ್ದರೆ, ಬೆರಳು ಊದಿದ್ದರೆ, ವಾರದಲ್ಲಿ ಗಂಟು ಕರಗದಿದ್ದರೆ ಡಾಕ್ಟರೇ ಬಿಡಿಸಬೇಕು, ಎಲುಬಿಗೆ ಇಳಿದರೆ ಕಷ್ಟ. ಮನೆಯಲ್ಲಿ ಉಳಿದ ಮನುಷ್ಯರ ಮಾತ್ರೆ ಹಾಕಬೇಡಿ. ಆ್ಯಂಟಿಬಯೋಟಿಕ್ ಶುರುವಾದರೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಅನ್ನುವುದನ್ನೂ ಕೇಳಿಕೊಳ್ಳಿ. ಸಿಮೆಂಟಿನ ಮೇಲೆ ರಬ್ಬರ್ ಮ್ಯಾಟ್ ಹಾಸದಿದ್ದರೆ ಇದು ಮತ್ತೆ ಬರುತ್ತೆ.

ಠಾಣೆ: ಆರು ವಾರದ ಬಾತು. ಎಡ ರೆಕ್ಕೆಯ ತುದಿ ಹೊರಕ್ಕೆ ತಿರುಗಿ ನಿಂತಿದೆ. ಮಕ್ಕಳು ಪಾವ್ ತಿನ್ನಿಸುತ್ತಾರೆ.

ಡಾಕ್ಟರ್: ಏಂಜಲ್ ವಿಂಗ್. ಮೇವಿನ ಜೋರಿಗೆ ಗರಿ ಬೇಗ ಬೆಳೆದು, ಆ ಭಾರವನ್ನು ಎಳೆಯ ಮಣಿಕಟ್ಟು ತಡೆಯಲಾರದೆ ತಿರುಚಿಕೊಂಡಿದೆ. ರೆಕ್ಕೆಯನ್ನು ಸಹಜವಾಗಿ ಮಡಚಿ, ಗರಿಗೆ ಅಂಟದ ಪಟ್ಟಿಯಿಂದ ರೆಕ್ಕೆಯನ್ನಷ್ಟೇ ಸುತ್ತಿ, ಎದೆಯನ್ನು ಬಿಗಿಯಬೇಡಿ. ದಿನಾ ಒಮ್ಮೆ ಬಿಚ್ಚಿ ನೋಡಿ, ನಾಲ್ಕೈದು ದಿನ. ಈ ವಯಸ್ಸಿಗೆ ನೇರವಾಗುವ ಸಾಧ್ಯತೆ ಚೆನ್ನಾಗಿದೆ, ಎಲುಬು ಬಲಿತ ಮೇಲೆ ಇಲ್ಲ. ಪಾವ್, ಫರ್ಸಾಣ್ (ಖಾರದ ಕುರುಕಲು) ಎರಡೂ ಬಂದ್. ಫೀಡಿನ ಪ್ರೋಟೀನ್ 15–16 ಶೇಕಡಾಕ್ಕೆ ಇಳಿಸಿ, ಸೊಪ್ಪು ಹೆಚ್ಚಿಸಿ.

ಪಾಷಾಣ್, ಪುಣೆ: ಹಕ್ಕಿಜ್ವರದ ಸುದ್ದಿ ಬಂದಾಗಲೆಲ್ಲ ಪಕ್ಕದ ಮನೆಯವರು ಹೆದರುತ್ತಾರೆ. ಲಸಿಕೆ ಹಾಕಿಸಿದರೆ ಆಯ್ತಾ? ಭಾನುವಾರ ಕೆರೆಗೆ ಬಿಟ್ಟು ತರಬಹುದಾ?

ಡಾಕ್ಟರ್: ಎರಡು ಬೇರೆ ಬೇರೆ ರೋಗ ಬೆರೆಸಬೇಡಿ. ಮನೆಯ ಬಾತಿಗೆ ಸಿಗುವುದು ಡಕ್ ಪ್ಲೇಗ್ ಅನ್ನುವ ಬೇರೊಂದು ವೈರಸ್ ರೋಗದ ಲಸಿಕೆ, ಎಂಟು ವಾರ ದಾಟಿದ ಮೇಲೆ ಚರ್ಮದ ಕೆಳಗೆ. ಒಂದು ಬಾಟಲಿ ಹತ್ತಾರು ಬಾತಿಗೆ ಆಗುವಷ್ಟಿರುತ್ತೆ, ಕಲಸಿದ ಮೇಲೆ ಮಂಜುಗಡ್ಡೆಯಲ್ಲಿಟ್ಟು ಬೇಗ ಮುಗಿಸಬೇಕು. ಗುಂಪಿನ ಪುಣೆಯವರು ಒಂದೇ ದಿನ ಸೇರಿಸಿಕೊಂಡರೆ ಅನುಕೂಲ. ಹಕ್ಕಿಜ್ವರಕ್ಕೆ ಮನೆಯ ಬಾತಿಗೆ ಹಾಕಿಸುವ ಲಸಿಕೆ ಇಲ್ಲ.

ದೇಶದಲ್ಲಿ ಹಕ್ಕಿಜ್ವರ ಮೊದಲು ಪತ್ತೆಯಾದದ್ದು ಮಹಾರಾಷ್ಟ್ರದಲ್ಲೇ, 2006ರಲ್ಲಿ ನಂದುರಬಾರ್ ಜಿಲ್ಲೆಯ ನವಾಪುರದಲ್ಲಿ. ಬಾತಿನ ತೊಡಕು ಏನೆಂದರೆ ವೈರಸ್ ಹೊತ್ತರೂ ಕೆಲವೊಮ್ಮೆ ಹುಷಾರಾಗಿಯೇ ಕಾಣುತ್ತೆ. ಹಾಗಾಗಿ ಕೆರೆ, ನದಿ ಬೇಡ, ವಲಸೆ ಹಕ್ಕಿಗಳು ಇಳಿಯುವ ಚಳಿಗಾಲದಲ್ಲಂತೂ ಬೇಡವೇ ಬೇಡ. ಮೇವಿನ ತಟ್ಟೆ ಸೂರಿನ ಕೆಳಗೆ, ಕಾಗೆ ಬಾರದ ಹಾಗೆ ಬಲೆ. ಬಾತಿನ ಹತ್ತಿರ ಹೋಗಲು ಬೇರೆಯೇ ಚಪ್ಪಲಿ. ಒಟ್ಟೊಟ್ಟಿಗೆ ಹಕ್ಕಿಗಳು ಸತ್ತರೆ ಕೊಯ್ದು ನೋಡಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ, ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ಫೋನ್ ಮಾಡಿ. ಖಚಿತಪಡಿಸುವ ಪರೀಕ್ಷೆ ಭೋಪಾಲದ ಪ್ರಯೋಗಾಲಯದಲ್ಲಿ ಆಗುತ್ತೆ. ರೋಗ ಸಿಕ್ಕಿದರೆ ಒಂದು ಕಿಲೋಮೀಟರ್ ಸುತ್ತಿನ ಸಾಕುಹಕ್ಕಿಗಳನ್ನೆಲ್ಲ ಕೊಲ್ಲುತ್ತಾರೆ, ಮುದ್ದಿನ ಬಾತಿಗೂ ವಿನಾಯಿತಿ ಇಲ್ಲ. ಹೆದರಿ ಮುಚ್ಚಿಟ್ಟರೆ ಪಕ್ಕದ ಮನೆಯವರ ಭಯ ನಿಜವಾಗುತ್ತೆ.

ಪೋಂಡಾ, ಗೋವಾ: ನಮ್ಮದು ಭಯದ ಪ್ರಶ್ನೆ ಅಲ್ಲ ಅನ್ಸುತ್ತೆ. ಪೈಪ್ ಹಿಡಿದ ಕೂಡಲೇ ಎರಡೂ ಬಾತು ತಲೆಯನ್ನು ಮೇಲೆ ಕೆಳಗೆ ಆಡಿಸುತ್ತವೆ. ಅಜ್ಜಿ ಕುತ್ತಿಗೆ ವಾಯು ಅಂತಾರೆ.

ಡಾಕ್ಟರ್: ಅಜ್ಜಿಗೆ ನೆಮ್ಮದಿಯಾಗಿರಲು ಹೇಳಿ, ಅದು ಸಡಗರ. ನೀರು ಕಂಡಾಗ, ಜೊತೆಗಾರ ಎದುರಾದಾಗ ಹೀಗೆ ಮಾಡುತ್ತವೆ. ಭಯಪಡಬೇಕಾದ ಕುತ್ತಿಗೆ ಬೇರೆ: ತಲೆ ಎತ್ತಲಾಗದೆ ನೆಲಕ್ಕೆ ಜೋತುಬೀಳುತ್ತೆ, ಕಾಲು ಸೋಲುತ್ತೆ, ರೆಪ್ಪೆ ಇಳಿಯುತ್ತೆ. ಕೊಳೆತ ಎಲೆ, ಸತ್ತ ಇಲಿ, ಅದರ ಹುಳು ತಿಂದು ಬರುವ ಬಾಟುಲಿಸಂ ಎಂಬ ವಿಷಬಾಧೆ ಅದು, ಕೂಡಲೇ ಆಸ್ಪತ್ರೆಗೆ ಓಡಬೇಕು. ನಿಂತ ನೀರಿನ ಗುಂಡಿ, ಕೊಳೆತ ಹಲಸಿನ ತೊಳೆ ಅಂಗಳದಲ್ಲಿ ಇದ್ದರೆ ಇವತ್ತೇ ತೆಗೆಯಿರಿ.

ನಿಮ್ಮ ಬಾತುಗಳಿಗೆ ಟಬ್ ತುಂಬಿಸಿ. ಮೂಗಿನ ಹೊಳ್ಳೆ ಮುಳುಗುವಷ್ಟಾದರೂ ಆಳ ಇರಲಿ, ಇಲ್ಲದಿದ್ದರೆ ಹೊಳ್ಳೆ, ಕಣ್ಣು ಕಟ್ಟಿಕೊಳ್ಳುತ್ತವೆ. ಸಂಜೆ ಆ ನೀರನ್ನು ಬಾಳೆಗಿಡದ ಬುಡಕ್ಕೆ ಹಾಕಿ, ಟಬ್ ಕವುಚಿಡಿ, ಸೊಳ್ಳೆ ಮೊಟ್ಟೆ ಇಡದ ಹಾಗೆ.