ಬೇಳೆ ಮಿಲ್ಲಿಗೆ ಡಿಜಿಟಲ್ ಟ್ವಿನ್ ಬೇಕೇನ್ರಿ? ನಮ್ಮ ಗುಂಪಿನ ಪ್ರಶ್ನೋತ್ತರ

ಪ್ರಶ್ನೆ (ಬೇಳೆ ಮಿಲ್ ಮಾಲೀಕರು, ಕಪನೂರ, ಕಲಬುರಗಿ): ನಮಸ್ಕಾರ್ರಿ ಸರ್. ಕಪನೂರ ಇಂಡಸ್ಟ್ರಿಯಲ್ ಏರಿಯಾದಾಗ ನಮ್ದು ತೊಗರಿ ಬ್ಯಾಳಿ ಮಿಲ್ ಅದ. ಹೋದ ವಾರ ಇಬ್ಬರು ಬಂದು 'ನಿಮ್ಮ ಮಿಲ್ಲಿನ ಡಿಜಿಟಲ್ ಟ್ವಿನ್ ಮಾಡಿ ಕೊಡ್ತೀವಿ' ಅಂದ್ರು. ಲ್ಯಾಪ್‌ಟಾಪಿನಾಗ ಎಲಿವೇಟರ್, ರೋಲರ್ ಎಲ್ಲಾ ತಿರುಗಿಸಿ ತಿರುಗಿಸಿ ತೋರಿಸಿದ್ರು, ಖರೇನ ಓಡಿದಂಗ ಕಾಣ್ತಿತ್ತು. ಹಾಕ್ಲಿಕ್ಕೆ ಒಂದು ರೊಕ್ಕ, ವರ್ಷಾ ವರ್ಷಾ ಲೈಸೆನ್ಸಿಗೆ ಬ್ಯಾರೆ ರೊಕ್ಕ. ಮಗ ತಗೊಳೋಣು ಅಂತಾನ. ನನಗ ತಲಿಗೆ ಹೋಗವಲ್ದು. ನೀವು ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿದಾಗ ಭಾಳ ವರ್ಷ ಇದ್ರಿ ಅಂತ ಕೇಳೀನಿ. ಬಿಡಿಸಿ ಹೇಳ್ರಿ.

ಉತ್ತರ (ಇನ್‌ಸ್ಟ್ರುಮೆಂಟೇಶನ್ ಇಂಜಿನಿಯರ್): ಸಾಹುಕಾರ್ರೇ, ನಮಸ್ಕಾರ. ಅವರು ಮತ್ತೆ ಬಂದಾಗ ಒಂದೇ ಮಾತು ಕೇಳ್ರಿ: 'ಈ ಚಿತ್ರದಾಗ ತಿರುಗ್ತಿರೋ ರೋಲರ್, ಈಗ ಹೊರಗ ನನ್ನ ಶೆಡ್ಡಿನಾಗ ತಿರುಗ್ತಿರೋ ರೋಲರೇನು?' ಅಲ್ಲ ಅಂದರೆ ಅದು ಕಾರ್ಟೂನು.

ಕಂಪ್ಯೂಟರಿನಲ್ಲಿ ಮಿಲ್ಲಿನ ಆಕಾರ ಕೂರಿಸಿದರೆ ಅದು ಬರೀ ಮಾಡೆಲ್. ಸೆನ್ಸರುಗಳಿಂದ ಕರೆಂಟು, ತಾಪ, ಅದುರು ಎಲ್ಲ ತಾನಾಗಿಯೇ ಅದಕ್ಕೆ ಹರಿದು ಬರುತ್ತಿದ್ದರೆ ಅದು ನೆರಳು. ಬಂದ ಮಾಹಿತಿಯಿಂದ ಮುಂದೇನಾಗುತ್ತದೆ ಅಂತ ಲೆಕ್ಕ ಹಾಕಿ, ಯಂತ್ರದ ಸೆಟ್ಟಿಂಗಿಗೆ ವಾಪಸ್ ಸೂಚನೆ ಕಳಿಸಿದರೆ ಮಾತ್ರ ಅವಳಿ, ಅಂದರೆ ಖರೇ ಡಿಜಿಟಲ್ ಟ್ವಿನ್. ನೆರಳು ಮಾರಿ ಅವಳಿಯ ದರ ಹಾಕುವವರೇ ಹೆಚ್ಚು.

ಅವಳಿ ಎಲ್ಲಿ ರೊಕ್ಕ ಉಳಿಸುತ್ತದೆ ಅಂತ ಸಿಮೆಂಟಿನಿಂದಲೇ ಹೇಳುತ್ತೇನೆ. ಕಿಲ್ನ್ ಅನ್ನೋ ಸುಡುವ ಕುಲುಮೆಯೊಳಗೆ ಸುಮಾರು 1,450 ಡಿಗ್ರಿ ತಾಪದಲ್ಲಿ ಕ್ಲಿಂಕರ್, ಅಂದರೆ ಪುಡಿ ಮಾಡಿ ಸಿಮೆಂಟ್ ಮಾಡುವ ಗಟ್ಟಿ, ಆಗುತ್ತದೆ. ಅದು ಸರಿಯಾಗಿ ಬೆಂದಿದೆಯೋ ಇಲ್ಲವೋ ತಿಳಿಯೋದು ಲ್ಯಾಬಿನ ಫ್ರೀ ಲೈಮ್ (ಕೂಡಿಕೊಳ್ಳದೆ ಉಳಿದ ಸುಣ್ಣ) ಪರೀಕ್ಷೆಯಿಂದ. ಸ್ಯಾಂಪಲ್ ತಂದು, ತಣಿಸಿ, ಪುಡಿ ಮಾಡಿ, ಚೀಟಿ ಕಂಟ್ರೋಲ್ ರೂಮಿಗೆ ಬರುವಷ್ಟರಲ್ಲಿ ದೊಡ್ಡ ಕಿಲ್ನ್ ನೂರಾರು ಟನ್ ಉಗುಳಿರುತ್ತದೆ. ಚೀಟಿ ನೋಡಿ ಕಲ್ಲಿದ್ದಲು ಏರಿಸಿದರೆ ಅದು ಹಿಂದಿನ ತಾಸಿನ ಜ್ವರಕ್ಕೆ ಈಗ ಕೊಟ್ಟ ಗುಳಿಗೆ. ಅದಕ್ಕೇ ಭಯಕ್ಕೆ ಎಲ್ಲರೂ ಎರಡು ಸೌದೆ ಹೆಚ್ಚೇ ಹಾಕಿದ ಹಾಗೆ ಉರಿಸುತ್ತಾರೆ. ಕಿಲ್ನ್ ಮೋಟರ್ ಎಳೆಯುವ ಆಂಪಿಯರ್, ಹೊಗೆಯಲ್ಲಿನ ನಾಕ್ಸ್ (ನೈಟ್ರೋಜನ್ ಆಕ್ಸೈಡುಗಳು), ಆಮ್ಲಜನಕ, ಕೂಲರಿನಿಂದ ಬರುವ ಗಾಳಿಯ ತಾಪ ಇವೆಲ್ಲ ನೋಡಿ, ಫ್ರೀ ಲೈಮ್ ಎಷ್ಟಿರಬಹುದು ಅಂತ ಲ್ಯಾಬಿಗಿಂತ ಮೊದಲೇ ಹೇಳುವ ಮಾಡೆಲ್ ಇದ್ದರೆ ಆ ಭಯದ ಕಲ್ಲಿದ್ದಲು ಉಳಿಯುತ್ತದೆ. ಅಲ್ಲಿ ಉರುವಲು, ಕರೆಂಟು ಎರಡೂ ದೊಡ್ಡ ಖರ್ಚು, ಸಣ್ಣ ಉಳಿತಾಯವೂ ಲೈಸೆನ್ಸ್ ತೀರಿಸುತ್ತದೆ. ನಿಮ್ಮ ಮಿಲ್ಲಿನಲ್ಲಿ ಆ ಲೆಕ್ಕ ಕೂಡಬೇಕಲ್ಲ?

ಪ್ರಶ್ನೆ (ಸಕ್ಕರೆ ಕಾರ್ಖಾನೆ ಇಂಜಿನಿಯರ್, ಬೀದರ್): ಸರ್, ನಮ್ಮಲ್ಲೂ ಇದೇ ಮಾತು ನಡೆದಿದೆ. ಮಾರ್ಕೆಟ್ ರಿಪೋರ್ಟುಗಳಲ್ಲಿ ಈ ಧಂದೆ ವರ್ಷಕ್ಕೆ ಎಷ್ಟೋ ಪಟ್ಟು ಬೆಳೆಯುತ್ತದೆ ಅಂತ ಬರೆದಿರುತ್ತಾರೆ. ಯಾರ ಪ್ಲಾಟ್‌ಫಾರ್ಮ್ ತಗೊಂಡರೆ ಛಲೋ?

ಉತ್ತರ: ಆ ರಿಪೋರ್ಟಿನ ಅಂಕಿಗೆ ಬೆನ್ನು ಹತ್ತಬೇಡಿ. ಒಬ್ಬ ಸೆನ್ಸರನ್ನೂ ಲೆಕ್ಕಕ್ಕೆ ಹಿಡಿದಿರುತ್ತಾನೆ, ಇನ್ನೊಬ್ಬ ಸಾಫ್ಟ್‌ವೇರ್ ಮಾತ್ರ, ಮತ್ತೊಬ್ಬ ಹಳೆಯ ಸಿಮ್ಯುಲೇಶನ್ ಮಾರಾಟಕ್ಕೂ ಟ್ವಿನ್ ಅಂತ ಹೆಸರಿಟ್ಟಿರುತ್ತಾನೆ. ಹೆಸರೇನೂ ನಿನ್ನೆಯದಲ್ಲ. 2002ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಗ್ರೀವ್ಸ್ ಈ ವಿಚಾರ ಮುಂದಿಟ್ಟರು, 'ಡಿಜಿಟಲ್ ಟ್ವಿನ್' ಅನ್ನೋ ಹೆಸರು 2010ರ ಹೊತ್ತಿಗೆ ನಾಸಾದಿಂದ ಬಳಕೆಗೆ ಬಂತು.

ಮಾರುವವರಲ್ಲಿ ಮೂರು ಜಾತಿ. ಡಿಸೈನ್ ಸಾಫ್ಟ್‌ವೇರಿನಿಂದ ಬಂದವರು: ಸೀಮೆನ್ಸ್, ದಸ್ಸೋ ಸಿಸ್ಟಮ್ಸ್, ಆನ್ಸಿಸ್. ಕ್ಲೌಡಿನಿಂದ ಬಂದವರು: ಮೈಕ್ರೋಸಾಫ್ಟಿನ ಅಜುರ್ ಡಿಜಿಟಲ್ ಟ್ವಿನ್ಸ್, ಅಮೆಜಾನಿನ ಟ್ವಿನ್‌ಮೇಕರ್. ಪ್ಲಾಂಟಿನ ಕಂಟ್ರೋಲ್ ಸಿಸ್ಟಮ್, ಪ್ಲಾಂಟಿನ ಸಾಫ್ಟ್‌ವೇರಿನಿಂದ ಬಂದವರು: ಎಬಿಬಿ, ಹನಿವೆಲ್, ಅವೇವಾ. ಕ್ಲೌಡಿನವರು ಖಾಲಿ ನಿವೇಶನ ಕೊಡುತ್ತಾರೆ, ಮನೆ ನೀವೇ ಕಟ್ಟಬೇಕು. ನಿರಂತರ ಪ್ರಕ್ರಿಯೆ ಇರುವ ನಿಮ್ಮಂಥ ಕಾರ್ಖಾನೆಗೆ ನನ್ನ ಒಲವು ಮೂರನೆಯವರ ಕಡೆ, ಯಾಕಂದರೆ ಜ್ಯೂಸು, ಉಗಿ, ಸಕ್ಕರೆ ಕುದಿಸುವ ಪ್ಯಾನಿನ ಭಾಷೆ ಅವರಿಗೆ ಗೊತ್ತು. ಆದರೆ ಸೀಸನ್ನಿನಲ್ಲಿ ಮಾತ್ರ ಓಡುವ ಕಾರ್ಖಾನೆಗೆ ಹನ್ನೆರಡು ತಿಂಗಳ ಲೈಸೆನ್ಸ್ ಯಾಕೆ ಅಂತ ಜಗಳ ಮಾಡಿ. ನಾಚಿಕೆ ಬೇಡ.

ಇನ್ನೊಂದು. ಅಂಗಡಿಗಳೇ ಕೈ ಬದಲಾಗುತ್ತಿವೆ. ಅವೇವಾ 2023ರಲ್ಲಿ ಪೂರ್ತಿ ಶ್ನೈಡರ್ ಎಲೆಕ್ಟ್ರಿಕ್ ಕೈಗೆ ಹೋಯಿತು. 2025ರಲ್ಲಿ ಆನ್ಸಿಸ್ಸನ್ನು ಸಿನಾಪ್ಸಿಸ್ ಸುಮಾರು 3,500 ಕೋಟಿ ಡಾಲರಿಗೆ ಕೊಂಡಿತು, ಸಿಮ್ಯುಲೇಶನ್ ಸಾಫ್ಟ್‌ವೇರಿನ ಆಲ್ಟೇರನ್ನು ಸೀಮೆನ್ಸ್ ಕೊಂಡಿತು. ಜಿಇ ಕಂಪನಿ 2015ರಲ್ಲಿ ಪ್ರೆಡಿಕ್ಸ್ ಅನ್ನೋ ತನ್ನ ಪ್ಲಾಟ್‌ಫಾರ್ಮ್ ಮೇಲೆ ಭಾರೀ ಆಸೆ ಇಟ್ಟು ಬೇರೆ ವಿಭಾಗವನ್ನೇ ತೆರೆದಿತ್ತು, ಮೂರೇ ವರ್ಷಕ್ಕೆ ಆಟ ಸಣ್ಣದು ಮಾಡಿತು. ನಿಮ್ಮ ಬಾಯ್ಲರ್ ಮೂವತ್ತು ವರ್ಷ ಇರುತ್ತದೆ, ಪ್ಲಾಟ್‌ಫಾರ್ಮಿನ ಮಾಲೀಕ ಅಷ್ಟು ದಿನ ಇರುತ್ತಾನೇನು? ಅದಕ್ಕೆ ಒಪ್ಪಂದದಲ್ಲೇ ಬರೆಸಿಕೊಳ್ಳಿ: ಡೇಟಾ ನಮ್ಮದು, ಬಿಟ್ಟು ಹೋಗುವಾಗ ಪೂರ್ತಿ, ತೆರೆದು ಓದಬಹುದಾದ ರೂಪದಲ್ಲಿ ಕೊಡಬೇಕು. ಯಂತ್ರಗಳ ಮಾತು ಎಲ್ಲರಿಗೂ ತೆರೆದಿರುವ ಓಪಿಸಿ ಯುಎ ಅಥವಾ ಎಂಕ್ಯೂಟಿಟಿ ಭಾಷೆಯಲ್ಲೇ ಬರಲಿ, ಅವರದೇ ಗುಟ್ಟಿನ ಭಾಷೆಯಲ್ಲಿ ಬೇಡ.

ಪ್ರಶ್ನೆ (ಇಂಜಿನಿಯರಿಂಗ್ ವಿದ್ಯಾರ್ಥಿನಿ, ಯಾದಗಿರಿ): ಸರ್, ಇದರಾಗ ಕೆಲಸ ಸಿಗಬೇಕಂದ್ರ ಯಾವ ಸಾಫ್ಟ್‌ವೇರ್ ಕಲೀಬೇಕ್ರಿ?

ಉತ್ತರ: ಪೈಥಾನ್ ಕಲಿಯಮ್ಮಾ, ಎಂಕ್ಯೂಟಿಟಿ ಕಲಿ. ಟ್ವಿನ್ ಮಾಡುವ ಎಕ್ಲಿಪ್ಸ್ ಡಿಟ್ಟೋ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಮನೆಯ ನೀರಿನ ಮೋಟರಿಗೇ ಒಂದು ಟ್ವಿನ್ ಮಾಡಿ ನೋಡು. ಆಮೇಲೆ ಯಾವುದಾದರೂ ಪ್ಲಾಂಟಿನಲ್ಲಿ ಒಂದು ರಾತ್ರಿ ಪಾಳಿ ನಿಂತು ನೋಡು. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಒಂದು ರಾತ್ರಿ ಸ್ಕ್ರೀನಿನಲ್ಲಿ ಎಲ್ಲ ಹಸಿರು. ಕಿಲ್ನಿನ ಉರಿ ನೋಡಿಕೊಳ್ಳುವ ಹಳೆಯ ಬರ್ನರ್ ಕಾಕಾ ಒಬ್ಬರು ನೀಲಿ ಗಾಜು ಕಣ್ಣಿಗೆ ಹಿಡಿದು ಕಿಲ್ನಿನೊಳಗೆ ಇಣುಕಿ, 'ತಮ್ಮಾ, ಒಳಗ ಧೂಳ ಏಳ್ಲಿಕ್ಕತ್ತದ, ಸುಡವಲ್ದು' ಅಂದರು. ನೋಡಿದರೆ ತಾಪ ಅಳೆಯುವ ಥರ್ಮೋಕಪಲ್ ತುದಿಗೆ ಮಾಲು ಮೆತ್ತಿಕೊಂಡು ಹಳೆಯ ತಾಪವನ್ನೇ ಹೇಳುತ್ತಿತ್ತು. ಸೆನ್ಸರ್ ಸುಳ್ಳು ಹೇಳಿದರೆ ಟ್ವಿನ್ನೂ ಅದೇ ಸುಳ್ಳನ್ನು ಚಂದ ಬಣ್ಣದಲ್ಲಿ ಹೇಳುತ್ತದೆ.

ಪ್ರಶ್ನೆ (ಮತ್ತೆ ಕಪನೂರ ಮಾಲೀಕರು): ಹಂಗಾದ್ರ ಬ್ಯಾಡ ಅಂತೀರೇನ್ರಿ?

ಉತ್ತರ: ಈಗಲೇ ಬ್ಯಾಡ ಅಂತೀನಿ. ನಿಮ್ಮ ರೊಕ್ಕ ಹೋಗೋದು ಎಲ್ಲಿ? 100 ಕಿಲೋ ತೊಗರಿಗೆ ಬೇಳೆ 70 ಬಂತೋ 74 ಬಂತೋ ಅನ್ನೋದರಲ್ಲಿ. ಉಳಿದದ್ದು ನುಚ್ಚು, ಚುನ್ನಿ, ಹೊಟ್ಟು. ಅದು ನಿಂತಿರೋದು ಎಣ್ಣೆ ನೀರು ಹಚ್ಚಿದ ಮೇಲೆ ಕಾಳು ಎಷ್ಟು ಒಣಗಿದೆ ಅನ್ನೋದರ ಮೇಲೆ, ರೋಲರಿನ ಎಮರಿ (ಸಿಪ್ಪೆ ಉಜ್ಜುವ ಒರಟು ಮೈ) ಎಷ್ಟು ಸವೆದಿದೆ ಅನ್ನೋದರ ಮೇಲೆ. ಲಾಟಿಗೊಮ್ಮೆ ತೇವಾಂಶ ಅಳೆಯಲಿಕ್ಕೆ ಒಂದು ಮೀಟರ್ ತಗೊಳ್ರಿ. ರೋಲರ್ ಮೋಟರಿಗೆ ಒಂದು ಎನರ್ಜಿ ಮೀಟರ್, ಎಲಿವೇಟರಿನ ಬೇರಿಂಗಿಗೆ ಒಂದು ಅದುರಿನ ಸೆನ್ಸರ್. ಜೆಸ್ಕಾಂ ಕರೆಂಟು ಬಿಲ್ಲಿನಲ್ಲಿ ಯೂನಿಟ್ ಒಂದೇ ನೋಡಬೇಡ್ರಿ, ಮ್ಯಾಕ್ಸಿಮಮ್ ಡಿಮ್ಯಾಂಡ್, ಪವರ್ ಫ್ಯಾಕ್ಟರ್ ಸಾಲನ್ನೂ ಬರೆದಿಡ್ರಿ. ಹೊಸ ತೊಗರಿ ಬಂದ ದಿನದಿಂದ ಒಂದು ಹಂಗಾಮು ಲಾಟುವಾರು ಬರೆದರೆ, ಯಾವ ಲಾಟಿನಲ್ಲಿ ನುಚ್ಚು ಹೆಚ್ಚಾಯಿತು, ಯಾಕೆ ಅಂತ ವಹಿಯೇ ಹೇಳುತ್ತದೆ. ಆ ಅಂಕಿ ಹಿಡಿದು ಅವರನ್ನು ಕರೆಸ್ರಿ, 'ಇದರಾಗ ಒಂದು ಕಿಲೋ ನುಚ್ಚು ಕಡಿಮಿ ಮಾಡಿ ತೋರಿಸ್ರಿ, ಆಮ್ಯಾಲ ಲೈಸೆನ್ಸ್' ಅನ್ರಿ.

ಮಾಲೀಕರು: ಆತ್ರಿ ಸರ್. ಮಗನ ಕೈಯಾಗ ವಹಿ ಕೊಟ್ಟೀನಿ. ಮಾರಿ ಸಣ್ಣದು ಮಾಡ್ಯಾನ, ಇರ್ಲಿ.