ಆರು ತಿಂಗಳಿಂದ ಅಂಗಡಿ ಅಲೆಯುತ್ತಿದ್ದೇನೆ, "ಮುಂದಿನ ವಾರ ಬನ್ನಿ" ಬಿಟ್ಟರೆ ಬೇರೆ ಮಾತಿಲ್ಲ

ಗಾಣದಮನೆ:
ಚಿತ್ರದುರ್ಗದ ಹತ್ತಿರ ಮರದ ಗಾಣ ಹಾಕಿದ್ದೇನೆ. ಶೇಂಗಾ ಎಣ್ಣೆ ತೆಗೆಯುತ್ತೇನೆ. ಒಂದು ಲೀಟರ್‌ಗೆ ಸುಮಾರು ಎರಡೂವರೆ ಕೆಜಿ ಬೀಜ ಹೋಗುತ್ತದೆ, ಹಾಗಾಗಿ ರಿಫೈಂಡ್ ರೇಟಿಗೆ ಕೊಡಲು ಆಗುವುದಿಲ್ಲ. ಆರು ತಿಂಗಳಲ್ಲಿ 40 ಅಂಗಡಿ ಸುತ್ತಿದೆ. 9 ಅಂಗಡಿಯವರು ಬಾಟಲಿ ಇಟ್ಟುಕೊಂಡರು, ಅದೂ ಮಾರಿದ ಮೇಲೆ ದುಡ್ಡು. ಉಳಿದವರದು "ಮುಂದಿನ ವಾರ ಬನ್ನಿ", ಹೋದರೆ ಮತ್ತೆ ಅದೇ. ಮನೆಯಲ್ಲಿ ತಾಳಿದವನು ಬಾಳಿಯಾನು ಅಂತಾರೆ. ನಾನೇನೋ ತಾಳುತ್ತೇನೆ, ಬ್ಯಾಂಕ್ ಕಂತು ತಾಳಬೇಕಲ್ಲ? ಇನ್ನೂ ಎಷ್ಟು ದಿನ ನೋಡಲಿ, ಯಾವಾಗ ಕೈಬಿಡಲಿ, ಅನುಭವ ಇದ್ದವರು ಹೇಳಿ.

ಬ್ಯಾಗು ಬೈಕು:
ದಾವಣಗೆರೆ ಹರಿಹರ ಲೈನಿನಲ್ಲಿ ಹದಿನೆಂಟು ವರ್ಷ ಬಿಸ್ಕತ್ತು, ಸೋಪು ಮಾರಿದವನು ನಾನು. ಹೋದ ತಕ್ಷಣ "ಆರ್ಡರ್ ಏನಾದರೂ ಇದೆಯಾ ಸಾರ್" ಅಂತೀರಿ ಅಲ್ವಾ? ಹಾಗೆ ಕೇಳಿದರೆ ಮುಂದಿನ ವಾರ ಬನ್ನಿ ಅಂತಲೇ ಹೇಳುತ್ತಾರೆ.

ಬಾಟಲಿ ತಳದಲ್ಲಿ ಮಡ್ಡಿ ಕೂತು ಗಿರಾಕಿ ವಾಪಸ್ ತಂದರೆ, ಡೇಟ್ ಮುಗಿದರೆ, ಆಗ ಇವನು ಫೋನ್ ಎತ್ತುತ್ತಾನಾ ಅಂತ ಅಂಗಡಿಯವರು ವಾರಗಟ್ಟಲೆ ನೋಡುತ್ತಾರೆ. ಅದಕ್ಕೇ ಒಂದೇ ದಿನ, ಒಂದೇ ಹೊತ್ತಿಗೆ ಹೋಗಿ. ಮಂಗಳವಾರ ಮಧ್ಯಾಹ್ನ 3 ಅಂದರೆ 3. ಬೆಳಗ್ಗೆ ಹಾಲಿನ ಗಿರಾಕಿ ಇರುವಾಗ, ತಿಂಗಳ ಮೊದಲ ವಾರ ಸಾಮಾನಿನ ಚೀಟಿ ಹಿಡಿದು ಜನ ನಿಂತಿರುವಾಗ ಹೋದರೆ ಬೈಸಿಕೊಳ್ಳುತ್ತೀರಿ. ಬಾಟಲಿ ಇಟ್ಟಿರುವ ಕಡೆ ಮೊದಲು ಧೂಳು ಒರೆಸಿ, ಹಿಂದೆ ಸೇರಿದ್ದನ್ನು ಮುಂದೆ ತನ್ನಿ, ಹಳೇ ಡೇಟಿನದನ್ನು ಅವರು ಕೇಳುವ ಮೊದಲೇ ಬದಲಿಸಿಕೊಡಿ.

ಒಂದು ಅಂಗಡಿಯಲ್ಲಿ ನನಗೆ ಮೊದಲ ಆರ್ಡರ್ ಸಿಕ್ಕಿದ್ದು ಹನ್ನೊಂದನೇ ಸಲಕ್ಕೆ, ಅರ್ಧ ಡಬ್ಬ ಬಿಸ್ಕತ್ತು. ಅದೂ ನನ್ನ ಮೇಲಿನ ಪ್ರೀತಿಗಲ್ಲ, ಇಲಿ ಕಡಿದ ಪ್ಯಾಕೆಟ್ ಬದಲಿಸಿಕೊಡಲು ಬೇರೆ ಕಂಪನಿಯ ಹುಡುಗ ಬರಲಿಲ್ಲ ಅನ್ನೋ ಸಿಟ್ಟಿಗೆ.

ರೊಟ್ಟಿ ಅಕ್ಕ:
ಅಣ್ಣ ಹೇಳಿದ್ದು ಸರಿ, ಆದರೆ ಕಂಪನಿ ಸಂಬಳ ಇದ್ದಾಗ ಹನ್ನೊಂದು ಸಲ ಹೋಗಬಹುದು. ಪೆಟ್ರೋಲ್ ನಮ್ಮದೇ ಆದಾಗ? ಹುಬ್ಬಳ್ಳಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡುತ್ತೇನೆ. ಒಂದು ದೊಡ್ಡ ಅಂಗಡಿಯವರು ಐದು ತಿಂಗಳು ನನ್ನ ದುಡ್ಡು ಆಡಿಸಿದರು. ಆಮೇಲೆ ಹಿಂದಿನ ಬಿಲ್ ಚುಕ್ತಾ ಆಗದೆ ಮುಂದಿನ ಮಾಲು ಕೊಡುವುದನ್ನೇ ನಿಲ್ಲಿಸಿದೆ.

ತಮ್ಮಾ, ಒಮ್ಮೆ ಒಯ್ದವರಲ್ಲಿ ಎಷ್ಟು ಮಂದಿ ಎರಡನೇ ಬಾಟಲಿ ಕೇಳಿದರು, ಅದನ್ನು ನೀವು ಬರೆದೇ ಇಲ್ಲ. ಹತ್ತರಲ್ಲಿ ನಾಲ್ಕೈದು ಮಂದಿ ತಿರುಗಿ ಬಂದಿದ್ದರೆ ಸುತ್ತುತ್ತಲೇ ಇರಿ. ಒಬ್ಬರೂ ಬರದಿದ್ದರೆ ಇನ್ನೂ 40 ಅಂಗಡಿ ಸುತ್ತಿದರೂ ಸುಮ್ನೆ ಪೆಟ್ರೋಲ್ ದಂಡ. ಕರಿಯಲು ಅಂತ ಮಾರಬೇಡಿ, ಬೆಲೆ ಕೇಳಿ ಓಡುತ್ತಾರೆ. ನಿಮ್ಮ ಕಡೆ ಮಂಡಕ್ಕಿ ಇದ್ದೇ ಇದೆಯಲ್ಲ, ಹಸಿ ಎಣ್ಣೆ ಹಾಕಿ ಕಲಸಿ ಕೈಗೆ ಕೊಡಿ. ಗಾಣದ ಎಣ್ಣೆಯ ಘಮ ಗೊತ್ತಾಗುವುದೇ ಅಲ್ಲಿ. 200 ಎಂಎಲ್ ಬಾಟಲಿ ಮಾಡಿದರೆ ರುಚಿ ನೋಡಲು ಒಯ್ಯುತ್ತಾರೆ.

ಲೆಕ್ಕದ ಪುಸ್ತಕ:
ಈಗ ಯಾರಾದರೂ ನಿರ್ಮಾ ಕಥೆ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. 1969ರಲ್ಲಿ ಕರ್ಸನ್‌ಭಾಯ್ ಪಟೇಲ್ ಅಹಮದಾಬಾದ್‌ನಲ್ಲಿ ಸೈಕಲ್ ಮೇಲೆ ಮನೆಮನೆಗೆ ಸೋಪಿನ ಪುಡಿ ಮಾರಿದರು. ಸೈಕಲ್ ಎಲ್ಲರಿಗೂ ನೆನಪಿದೆ, ಆಗ ಅವರಿಗೆ ಸರ್ಕಾರಿ ಕೆಲಸವೂ ಇತ್ತು ಅನ್ನೋದು ಮಾತ್ರ ಮರೆತುಹೋಗುತ್ತದೆ. ಕಂತು ಕಟ್ಟಲು ಬೇರೆ ಆದಾಯ ಇಲ್ಲದಿದ್ದರೆ ಕೂಲಿಗೆ ಗಾಣ ಆಡಿಸಿಕೊಡಿ, ರೈತರು ತಮ್ಮ ಬೀಜ ತರುತ್ತಾರೆ.

ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ, ಇಲ್ಲದಿದ್ದರೆ ಮಾಡಿಸಿ, ಶುಲ್ಕ ಇಲ್ಲ. 2006ರ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆ ಪ್ರಕಾರ ಇಂಥ ಸಣ್ಣ ಉದ್ದಿಮೆಯಿಂದ ಮಾಲು ಕೊಂಡವರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ಇದನ್ನು ಸೂಪರ್ ಮಾರ್ಕೆಟ್‌ನವರಿಗೆ ಹೇಳಿ. ಬೀದಿ ಕೊನೆಯ ಕಿರಾಣಿ ಅಂಗಡಿಯಲ್ಲಿ ಕಾಯ್ದೆ ಮಾತಾಡಿದರೆ ಇರುವ ಬಾಟಲಿಯೂ ವಾಪಸ್ ಬರುತ್ತದೆ.

ಅಂದ ಹಾಗೆ, ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ಯಾರು ಒಯ್ಯುತ್ತಾರೆ?

ಗಾಣದಮನೆ:
ಹೇಳಲು ನಾಚಿಕೆ ಆಗುತ್ತದೆ. ಹಸು, ಎಮ್ಮೆ ಕಟ್ಟಿದವರು ವಾರಕ್ಕೆ ಹದಿನೈದು ಇಪ್ಪತ್ತು ಮಂದಿ ಗಾಣದ ಬಾಗಿಲಿಗೇ ಬಂದು ನಗದು ಕೊಟ್ಟು ಹಿಂಡಿ ಒಯ್ಯುತ್ತಾರೆ. ಒಬ್ಬರನ್ನೂ ಎಣ್ಣೆ ಬೇಕಾ ಅಂತ ಕೇಳಿಲ್ಲ.

ನೋಟ್‌ಬುಕ್ ತೆಗೆದು ನೋಡಿದೆ. 9 ಅಂಗಡಿಗಳಲ್ಲಿ 3ಕ್ಕೆ ಮಾತ್ರ ಎರಡನೇ ಸಲ ಮಾಲು ಹೋಗಿದೆ, ಅದರಲ್ಲಿ ಒಂದು ಕಡೆ ನಾಲ್ಕು ಸಲ. ಮಂಗಳವಾರ ಮೊದಲು ಅಲ್ಲಿಗೇ ಹೋಗಿ ಯಾರು ಒಯ್ಯುತ್ತಿದ್ದಾರೆ ಅಂತ ಕೇಳುತ್ತೇನೆ. ಅಕ್ಕಾ, 200 ಎಂಎಲ್‌ಗೆ ಗಾಜಿನ ಬಾಟಲಿ ತಗೊಳ್ಳಲೋ, ಪ್ಲಾಸ್ಟಿಕ್ ಸಾಕೋ?