ಪದಚರ್ಚೆ: ಕಾರಿನ ಮೈಯ ಒಂದು ಭಾಗವೇ ಆಗಿರುವ ಎಂಜಿನ್‌ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಲೋಟಸ್ 49 ರೇಸ್ ಕಾರಿನ ಮಾದರಿಯನ್ನು ಬ್ಲೆಂಡರ್ ಅನ್ನೋ 3ಡಿ ತಂತ್ರಾಂಶದಲ್ಲಿ ಕಟ್ಟಿ, ಅಸೆಟ್ಟೊ ಕೋರ್ಸಾ ಅನ್ನೋ ಕಂಪ್ಯೂಟರ್ ರೇಸ್ ಆಟದಲ್ಲಿ ಓಡಿಸೋದು ಹೇಗೆ ಅಂತ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. 1967ರ ಜೂನ್ 4ರಂದು ಹಾಲೆಂಡಿನ ಜಾಂಡ್‌ವೋರ್ಟ್‌ನಲ್ಲಿ ಈ ಕಾರು ಮೊದಲ ಸಲ ರೇಸಿಗೆ ಇಳಿಯಿತು, ಜಿಮ್ ಕ್ಲಾರ್ಕ್ ಅದರಲ್ಲಿ ಗೆದ್ದರು. ಆ ದಿನ ಕಾರು ಹೇಗಿತ್ತೋ ಹಾಗೇ ಮಾದರಿ ಬರಬೇಕು ಅನ್ನೋದು ನನ್ನ ಆಸೆ. ಹಸಿರು ಮೈ, ನಡುವೆ ಹಳದಿ ಪಟ್ಟೆ. ಕಾರನ್ನು ನೆಲಕ್ಕೆ ಅದುಮುವ ರೆಕ್ಕೆಗಳು ಇನ್ನೂ ಬಂದಿರಲಿಲ್ಲ. ಬರವಣಿಗೆ ಎಂಜಿನ್ ಹತ್ತಿರ ಬಂದು ನಿಂತಿದೆ, ಅದಕ್ಕೇ ಈ ಓಲೆ.

ಇಂಗ್ಲಿಷಿನಲ್ಲಿ ಈ ಎಂಜಿನನ್ನು 'ಸ್ಟ್ರೆಸ್ಡ್ ಮೆಂಬರ್' ಅನ್ನುತ್ತಾರೆ. ಏನು ಹಾಗೆಂದರೆ? ಅಲ್ಯೂಮಿನಿಯಂ ತಗಡಿನ ಮೈ ಡ್ರೈವರ್ ಬೆನ್ನ ಹಿಂದೆಯೇ ಮುಗಿದುಹೋಗುತ್ತದೆ. ಅಲ್ಲಿಂದಾಚೆ ಚಾಸಿ, ಅಂದರೆ ಗಾಡಿಯ ಭಾಗಗಳನ್ನೆಲ್ಲ ಹಿಡಿದಿಡುವ ಚೌಕಟ್ಟು, ಅನ್ನೋದೇ ಇಲ್ಲ. ಕೀತ್ ಡಕ್‌ವರ್ತ್ ರೂಪಿಸಿದ 3 ಲೀಟರಿನ ಕಾಸ್ವರ್ತ್ ಡಿಎಫ್‌ವಿ ಎಂಜಿನನ್ನು ಆ ಮೈಗೆ ನೇರವಾಗಿ ಬೋಲ್ಟ್ ಹಾಕಿ ಬಿಗಿದಿದ್ದಾರೆ. ಕೆಳಗೆ ಎರಡು ಕಡೆ, ಮೇಲೆ ಎರಡು ಕಡೆ. ಮೇಲಿನ ಜೋಡಣೆ ನೋಡಬೇಕು ನೀವು: ಕ್ಯಾಮ್ ಕವರ್‌ಗಳ (ಎಂಜಿನ್ ಹೆಡ್ಡಿನ ಮೇಲಿನ ಮುಚ್ಚಳಗಳ) ಹತ್ತಿರ ಎರಡು ತೆಳು ತ್ರಿಕೋನ ತಗಡುಗಳಿವೆ. ಎಂಜಿನ್ ಕಾದು ಹಿಗ್ಗಿದಾಗ ಅವು ಚೂರು ಬಾಗಿ ಜಾಗ ಬಿಡುತ್ತವೆ. ಎಂಜಿನ್ ಬೆನ್ನಿಗೆ ಗೇರ್‌ಬಾಕ್ಸ್. ಹಿಂದಿನ ಚಕ್ರಗಳನ್ನು ಹಿಡಿದಿರುವುದು ಬಹುಮಟ್ಟಿಗೆ ಇವೆರಡೇ.

ಮಾದರಿ ಮಾಡುವವರಿಗೆ ಇದು ಗೊತ್ತಿರಲೇಬೇಕು. ಗೊತ್ತಿಲ್ಲದಿದ್ದರೆ ಎಂಜಿನ್ ಕೆಳಗೆ ಕಾಣದ ಕಡೆ ಏನೋ ಇರಬೇಕು ಅಂತ ಎರಡು ಕಂಬಿ ಎಳೆದುಬಿಡುತ್ತಾರೆ. ಆ ಎರಡು ಕಂಬಿ ಸಾಕು, ಅದು ಲೋಟಸ್ 49 ಆಗಿ ಉಳಿಯೋದಿಲ್ಲ.

ನಾನು ಯೋಚಿಸಿದ ಪದಗಳು ಇವು. 'ಭಾರ ಹೊರುವ ಎಂಜಿನ್' ಸುಲಭವಾಗಿದೆ, ಆದರೆ 'ಹೊರು' ಅಂದ ಕೂಡಲೇ ಮೇಲಿಂದ ಬೀಳುವ ತೂಕ ನೆನಪಾಗುತ್ತದೆ. ಇಲ್ಲಿ ತೂಕಕ್ಕಿಂತ ಜಾಸ್ತಿ ಇರುವುದು ತಿರುಚು, ಬಾಗು, ಎಳೆತ. 'ತಾಳು' ಇನ್ನೂ ಹತ್ತಿರ. ಆದರೆ 'ತಾಳುವ ಎಂಜಿನ್' ಅಂದರೆ ಜಾಸ್ತಿ ದಿನ ಬಾಳಿಕೆ ಬರೋದು ಅಂತ ಕೇಳಿಸುತ್ತದೆ, ಅಲ್ವಾ? 'ಒತ್ತಡ'ದ ಸಹವಾಸವೇ ಬೇಡ; ರಕ್ತದೊತ್ತಡದಿಂದ ಆಫೀಸಿನ ಒತ್ತಡದವರೆಗೆ ಅದಕ್ಕೆ ಈಗಾಗಲೇ ಕೆಲಸ ಸಾಕಷ್ಟಿದೆ. ವಾಕ್ಯದಲ್ಲಾದರೆ 'ಇಲ್ಲಿ ಎಂಜಿನ್ನೇ ಚಾಸಿ' ಅಂತ ಬರೆದರೆ ಯಾರಿಗೂ ಅರ್ಥವಾಗುತ್ತದೆ. ಆದರೆ ಚಿತ್ರದಲ್ಲಿ ಬಾಣ ಹಾಕಿ ಗುರುತಿಸಲು ನನಗೆ ಒಂದು ಹೆಸರು ಬೇಕು.

ಟ್ರ್ಯಾಕ್ಟರ್ ರಿಪೇರಿ ಬಲ್ಲವರು ಇಲ್ಲಿ ಯಾರಾದರೂ ಇದ್ದೀರಾ? ಸಾಮಾನ್ಯ ಟ್ರ್ಯಾಕ್ಟರಿನಲ್ಲೂ ಇದೇ ಕಟ್ಟು. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸೆಲ್ ಒಂದಕ್ಕೊಂದು ಬೋಲ್ಟ್ ಆಗಿ, ಅವೇ ಗಾಡಿಯ ಮೈ ಆಗಿರುತ್ತವೆ. 1917ರ ಫೋರ್ಡ್‌ಸನ್ ಟ್ರ್ಯಾಕ್ಟರಿನಲ್ಲೇ ಹೀಗಿತ್ತು. ಕ್ಲಚ್ ಪ್ಲೇಟ್ ಹಾಕಲು ಗಾಡಿಯನ್ನೇ ನಡುವೆ ಎರಡು ಮಾಡುವುದು ಇದೇ ಕಾರಣಕ್ಕೆ. ಹಳ್ಳಿಯ ಮೆಕ್ಯಾನಿಕ್‌ಗಳು ದಿನವೂ ಮುಟ್ಟುವ ಈ ಕಟ್ಟಿಗೆ ಅವರ ಬಾಯಲ್ಲಿ ಒಂದು ಮಾತು ಇದ್ದೇ ಇರಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಇದ್ದರೆ ನಾವು ಹೊಸದು ಹುಟ್ಟಿಸುವ ಅಗತ್ಯವೇ ಇಲ್ಲ.

ಇನ್ನೊಂದು ತೊಡಕು ಮುಂದಿನ ಸಸ್ಪೆನ್ಶನ್‌ನಲ್ಲಿದೆ. ಅಲ್ಲಿ ಸ್ಪ್ರಿಂಗ್ ಗಾಳಿಗೆ ಅಡ್ಡ ಬರಬಾರದು ಅಂತ ಮೈಯ ಒಳಗೆ ಅಡಗಿಸಿದ್ದಾರೆ. ಮೇಲಿನ ತೋಳು ನಡುವೆ ಕೀಲಿನ ಮೇಲೆ ಕೂತಿದೆ. ಚಕ್ರ ಮೇಲೆದ್ದರೆ ಒಳಗಿನ ತುದಿ ಕೆಳಗಿಳಿದು ಸ್ಪ್ರಿಂಗನ್ನು ಅದುಮುತ್ತದೆ. ಇಂಗ್ಲಿಷಿನಲ್ಲಿ ರಾಕರ್ ಆರ್ಮ್. ಆದರೆ ನಮ್ಮ ಗ್ಯಾರೇಜುಗಳಲ್ಲಿ ರಾಕರ್ ಅಂದರೆ ಎಂಜಿನ್ ಹೆಡ್ಡಿನ ಒಳಗೆ ವಾಲ್ವ್ ಒತ್ತುವ ತುಂಡು. ಕೈಪಿಡಿ ಓದಿದವರು ತಪ್ಪು ಜಾಗದಲ್ಲಿ ಹುಡುಕುತ್ತಾರೆ. ಬಾವಿಯ ಏತದ ಹಾಗೆ ಒಂದು ತುದಿ ಏರಿದರೆ ಇನ್ನೊಂದು ಇಳಿಯುವುದರಿಂದ 'ಏತದ ತೋಳು' ಅಂತ ಬರೆದಿಟ್ಟಿದ್ದೇನೆ. ನನಗೆ ಇದು ತುಂಬಾ ಇಷ್ಟವಾಗಿದೆ. ಏತ ನೋಡದ ಹುಡುಗರಿಗೆ ಇದು ತಟ್ಟುತ್ತದೆಯೇ, ಹೇಳಿ.

ತಗಡಿನ ಮೈಗೆ ಇಂಗ್ಲಿಷ್ ಮೆಕ್ಯಾನಿಕ್‌ಗಳು 'ಟಬ್' ಅನ್ನುತ್ತಾರೆ. 'ತೊಟ್ಟಿ' ಅನ್ನಬಹುದಿತ್ತು. ಆದರೆ ಈ ಕಾರಿನಲ್ಲಿ ಪೆಟ್ರೋಲ್ ಬಹುಪಾಲು ಇರುವುದು ಅದೇ ಮೈಯ ಎರಡು ಪಕ್ಕಗಳ ಒಳಗೆ, ಹಾಗಾಗಿ ತೊಟ್ಟಿ ಅಂದರೆ ಟ್ಯಾಂಕ್ ಅಂದುಕೊಳ್ಳುತ್ತಾರೆ. 'ಒಡಲು' ಆಗಬಹುದೇ? ಹೊಗೆ ಕೊಳವೆಗೆ ರೂಢಿಯಲ್ಲಿ ಸೈಲೆನ್ಸರ್ ಅನ್ನುತ್ತೇವೆ, ಆದರೆ ಈ ಕಾರಿನಲ್ಲಿ ಸದ್ದು ಅಡಗಿಸುವ ಡಬ್ಬಿಯೇ ಇಲ್ಲ. ಒಂದೊಂದು ಪಕ್ಕದ ನಾಲ್ಕು ಕೊಳವೆ ಸೇರಿ ಒಂದಾಗಿ ಹಿಂದೆ ಹೋಗುತ್ತವೆ, ಅಷ್ಟೇ. ಅಲ್ಲಿ 'ಹೊಗೆ ಪೈಪು' ಅಂತಲೇ ಬರೆಯುತ್ತಿದ್ದೇನೆ.

ಕಂಪ್ಯೂಟರ್ ಪದಗಳ ಬಗ್ಗೆ ನನ್ನ ನಿಲುವು ಸರಳ. ಮೆಶ್ (ಮಾದರಿಯ ಆಕಾರ ಕೊಡುವ ಬಲೆ), ಟೆಕ್ಸ್ಚರ್ (ಅದರ ಮೇಲೆ ಹೊದಿಸುವ ಚಿತ್ರ) ಹಾಗೇ ಇರಲಿ. ಬ್ಲೆಂಡರ್‌ನ 'ಸೀಮ್'ಗೆ, ಅಂದರೆ ಚಿತ್ರ ಹೊದಿಸಲು ಬಲೆಯನ್ನು ಬಿಚ್ಚಿ ಹರಡುವಾಗ ಕತ್ತರಿಸುವ ಗೆರೆಗೆ, ಮಾತ್ರ 'ಹೊಲಿಗೆ' ಚೆನ್ನಾಗಿ ಕೂರುತ್ತದೆ. ಚಕ್ರ, ಸಸ್ಪೆನ್ಶನ್, ಸ್ಟೀರಿಂಗ್ ತುಂಡುಗಳಿಗೆ ಆಟ ಕೇಳುವ ಇಂಗ್ಲಿಷ್ ಹೆಸರುಗಳನ್ನಂತೂ ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಚಕ್ರ ಯಾವುದು ಅಂತ ಆಟಕ್ಕೇ ಗೊತ್ತಾಗೋದಿಲ್ಲ.

ಎಂಜಿನ್ ಪದ ಸಿಕ್ಕರೆ ಆ ಅಧ್ಯಾಯ ಮುಗಿಸಬಹುದು. ಟ್ರ್ಯಾಕ್ಟರ್ ಶೆಡ್ಡಿನ ಮಾತು ಗೊತ್ತಿದ್ದರೆ ಯಾವ ಊರಿನ ಕಡೆ ಹಾಗನ್ನುತ್ತಾರೆ ಅನ್ನೋದನ್ನೂ ದಯವಿಟ್ಟು ಬರೆಯಿರಿ.